ನಾಲ್ಕನೆಯ ಕೊಕ್ಕೆ

ಹಳೆಯ ಟೆಂಪೋ ವ್ಯಾನೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಓಡಾಡುವ ಮನೆ ಮಾಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಅದರ ಬೆನ್ನಿಗೆ ಸೈಕಲ್ಲುಗಳನ್ನು ಹೇಗೆ ಕಟ್ಟುವುದು ಎಂದು ತೀರ್ಮಾನಿಸುವಷ್ಟರಲ್ಲಿ ನಮ್ಮ ಮನೆಯಲ್ಲಿ ಮಾತು ನಿಂತುಹೋಗುವ ಹಾಗಾಯಿತು. ನಾನು ಸಾಮಾನು ಕೊಳ್ಳಲು ಹೊತ್ತು ಕಳೆಯುವವಳಲ್ಲ. ಪುಣೆಯ ನಮ್ಮ ಬಿಬವೇವಾಡಿಯ ಮಾರುಕಟ್ಟೆಯಲ್ಲಿ ನಾನು ಬದನೆಕಾಯಿ ಆರಿಸುವ ವೇಗ ನೋಡಿ ಗಂಡ ನಗುತ್ತಾನೆ. ಅವನು ಸೈಕಲ್ ರ‍್ಯಾಕಿನ ವಿಡಿಯೋಗಳನ್ನು ವಾರಗಟ್ಟಲೆ ನೋಡಿದ. ಮದುವೆಗೆ ಹೆಣ್ಣು ನೋಡಿದಾಗಲೂ ಇಷ್ಟು ಯೋಚಿಸಿರಲಿಲ್ಲ ಎಂದು ನಾನು ರೇಗಿಸಿದರೆ ನಗಲೂ ಇಲ್ಲ.

ಮೊದಲು ಚಾವಣಿಯ ಮೇಲೆ ಹಾಕೋಣ ಎಂದುಕೊಂಡೆವು. ಆದರೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ವ್ಯಾನಿನ ತಲೆ ಈಗಲೇ ಪೈಪುಗಳನ್ನು ಸವರಿಕೊಂಡು ಹೋಗುತ್ತದೆ, ಅದರ ಮೇಲೆ ಸೈಕಲ್ ಏರಿಸಿದರೆ ಪೈಪೂ ಹೋಯಿತು ಸೈಕಲ್ಲೂ ಹೋಯಿತು. ಹಿಂದಿನ ಬಾಗಿಲಿಗೆ ಬೆಲ್ಟ್ ಹಾಕಿ ಕಟ್ಟುವ ಅಗ್ಗದ ರ‍್ಯಾಕುಗಳಿವೆ. ಆದರೆ ಒಲೆ ಇರುವುದು ಹಿಂದಿನ ಬಾಗಿಲಿನ ಒಳಗೇ, ಟೀ ಕಾಯಿಸಬೇಕಾದಾಗಲೆಲ್ಲ ಸೈಕಲ್ ಇಳಿಸಿ ಕೂರಬೇಕು. ಕೊನೆಗೆ ಉಳಿದದ್ದು ಒಂದೇ: ವ್ಯಾನಿನ ಅಡಿಯ ಚಾಸಿಗೆ ಕಬ್ಬಿಣದ ಕಂಬ ಬಿಗಿದು, ಕಂಬದ ತಲೆಗೂ ಬುಡಕ್ಕೂ ಅಡ್ಡಪಟ್ಟಿ ಬೆಸೆದು, ಮೇಲಿನ ಪಟ್ಟಿಯ ಕೊಕ್ಕೆಗಳಿಗೆ ಸೈಕಲ್ಲುಗಳನ್ನು ಮುಂದಿನ ಚಕ್ರದಿಂದ ಉದ್ದಕ್ಕೆ ನೇತುಹಾಕುವುದು. ಬೇಕಾದಾಗ ಇಡೀ ರ‍್ಯಾಕು ಗೇಟಿನ ಹಾಗೆ ಪಕ್ಕಕ್ಕೆ ಸರಿಯುತ್ತದೆ. ಚಿತ್ರದಲ್ಲಿ ನೋಡಿದಾಗ ನನಗೆ ಮಟನ್ ಅಂಗಡಿ ನೆನಪಾಯಿತು. ಆದರೂ ಸರಿ ಎಂದೆ, ತೀರ್ಮಾನವಾದರೆ ಸಾಕಿತ್ತು.

ಆದರೆ ತೀರ್ಮಾನ ಆಗಬೇಕಾಗಿದ್ದದ್ದು ಅದಲ್ಲ. ಎಷ್ಟು ಕೊಕ್ಕೆ ಎನ್ನುವುದು.

ಮನೆಯಲ್ಲಿ ನಾವಿರುವುದು ಮೂವರು: ನಾನು, ಗಂಡ, ಏಳನೇ ಕ್ಲಾಸಿನ ಮಗಳು. ಸೈಕಲ್ಲುಗಳು ನಾಲ್ಕು. ನಾಲ್ಕನೆಯದು ನನ್ನ ಮೈದುನನದು. ಗಂಡನ ಒಬ್ಬನೇ ತಮ್ಮ ಅವನು, ಮೈಸೂರಿನಿಂದ ಕೆಲಸಕ್ಕೆಂದು ಪುಣೆಗೆ ಬಂದು ನಮ್ಮ ಜೊತೆಯೇ ಇದ್ದ. ಅಣ್ಣನಿಗಿಂತ ಗೇಣುದ್ದ ಎತ್ತರ, ಅದಕ್ಕೆ ತಕ್ಕ ದೊಡ್ಡ ಸೈಕಲ್ಲು. ಎರಡು ಮಳೆಗಾಲದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಸೈಕಲ್ ಹೊಡೆಯಲು ಹೋದ. ಕೊಂಢವಾ ದಾಟಿ ಸಾಸವಡದ ಕಡೆ ಏರುವ ಘಾಟಿನಲ್ಲಿ, ರಸ್ತೆ ಬದಿಯ ಮೋಟುಗೋಡೆಗೆ ಒರಗಿಸಿದ ಅವನ ಸೈಕಲ್ಲು ಸಿಕ್ಕಿತು. ಹ್ಯಾಂಡಲಿಗೆ ಹೆಲ್ಮೆಟ್ ಸಿಕ್ಕಿಸಿತ್ತು. ಅವನು ಸಿಗಲಿಲ್ಲ. ಪೊಲೀಸರು ಕೆಳಗಿನ ಕಣಿವೆಯನ್ನು ಜಾಲಾಡಿದರು, ಆಸ್ಪತ್ರೆಗಳನ್ನು ನೋಡಿದೆವು, ಅವನ ಆಫೀಸಿನವರು ಹಗ್ಗ ಕಟ್ಟಿಕೊಂಡು ಪೊದೆಗಳೊಳಗೆ ಇಳಿದರು. ಒಂದು ಚಪ್ಪಲಿಯೂ ಸಿಗಲಿಲ್ಲ. ಸೈಕಲ್ಲು ಮಾತ್ರ ಮನೆಗೆ ಬಂತು. ಸಾಲ, ಪ್ರೀತಿ, ಜಗಳ, ಖಿನ್ನತೆ ಎಂದು ಕೇಳಿದವರಿಗೆಲ್ಲ ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಬರ್ತಾ ಕೊತ್ತಂಬರಿ ತರಲಾ ಅತ್ತಿಗೆ ಎಂದು ಕೇಳಿದ್ದ, ಅಷ್ಟೇ.

ಸತ್ತವರಿಗೆ ಹನ್ನೆರಡನೇ ದಿನ ಎಂದೊಂದಿದೆ. ಕಾಣೆಯಾದವರಿಗೆ ಏನೂ ಇಲ್ಲ. ಮೈಸೂರಿನಲ್ಲಿ ಅತ್ತೆ ಇವತ್ತಿಗೂ ಅವನ ಹುಟ್ಟುಹಬ್ಬಕ್ಕೆ ಪಾಯಸ ಮಾಡುತ್ತಾರೆ. ನನ್ನ ಗಂಡ ಮಾತ್ರ ಮೇಲೆ ಏನೂ ತೋರಿಸಿಕೊಳ್ಳದೆ ಕೆಲಸಕ್ಕೆ ಹೋಗುತ್ತ ಬರುತ್ತ ಇದ್ದ. ಆದರೆ ಫ್ಲ್ಯಾಟಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದನ್ನು ಬಿಟ್ಟಿದ್ದ. ತಮ್ಮನ ಹತ್ತಿರ ಕೀ ಇದೆ, ಚಿಲಕ ಹಾಕಿದ್ದರೆ ಹೊರಗೆ ನಿಲ್ಲಬೇಕಾಗುತ್ತೆ ಎನ್ನುತ್ತಿದ್ದ. ನನ್ನ ಭಯ ಮೈದುನನ ಬಗ್ಗೆ ಆಗಿರಲಿಲ್ಲ, ಅವನಿಗೆ ಆಗುವುದು ಆಗಿಹೋಗಿತ್ತು. ಈ ಮನುಷ್ಯನೂ ಹೀಗೇ ಕಾದು ಕಾದು ನನ್ನ ಕಣ್ಣೆದುರೇ ಕಾಣೆಯಾಗಿಬಿಡುತ್ತಾನೆ, ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾನೆ ಎನ್ನುವುದೇ ನನ್ನ ಭಯ. ಅದಕ್ಕೇ ಮೂರು ಕೊಕ್ಕೆ ಎಂದು ಹಟ ಹಿಡಿದೆ. ಕಬ್ಬಿಣದಲ್ಲಿ ಮೂರು ಎಂದು ಬೆಸೆದುಬಿಟ್ಟರೆ ಮನಸ್ಸೂ ಒಪ್ಪಿಕೊಂಡೀತು ಎಂದುಕೊಂಡಿದ್ದೆ.

ರ‍್ಯಾಕ್ ಮಾಡುವವನು ಸಿಕ್ಕಿದ್ದು ಭೋಸರಿಯಲ್ಲಿ. ತಗಡಿನ ಶೆಡ್ಡು, ಒಳಗೆ ವೆಲ್ಡಿಂಗಿನ ಸುಟ್ಟ ವಾಸನೆ. ನಾವಿಬ್ಬರೂ ಬಾಗಿಲಲ್ಲೇ ಕನ್ನಡದಲ್ಲಿ ಕಿತ್ತಾಡುತ್ತಿದ್ದದ್ದು ಕೇಳಿ ಮಾಲೀಕ ಮುಖವಾಡ ಸರಿಸಿ, ಬರ್ರಿ ಬರ್ರಿ, ನಮ್ಮವರ ಇದ್ದೀರಿ ಎಂದು ಕುರ್ಚಿ ಒರೆಸಿಕೊಟ್ಟ. ಆಳಂದದ ಕಡೆಯವನು, ಅಪ್ಪ ಇಲ್ಲಿಗೆ ಕೂಲಿಗೆ ಬಂದವನಂತೆ, ಈಗ ಇವನದೇ ಶೆಡ್ಡು. ತನ್ನ ಹೊಸ ಯಂತ್ರ, ಗೋಡೆಯ ಮೇಲಿನ ಟಿವಿ, ತಾನು ಗೇಟು ಮಾಡಿಕೊಟ್ಟ ಬಂಗಲೆಗಳ ಫೋಟೋ ಎಲ್ಲ ತೋರಿಸಿ ಮುಗಿಸಿದ ಮೇಲೆ ಎಷ್ಟು ಸೈಕಲ್ಲು ಎಂದು ಕೇಳಿದ. ಗಂಡ ನೆಲ ನೋಡಿದ. ನಾನು ಮೂರು ಎಂದೆ.

ಅವನ ಮುಖ ಸಣ್ಣದಾಯಿತು. "ಮೂರರ ಕೆಲಸ ನಾ ಹಿಡ್ಯಂಗಿಲ್ರಿ ಅಕ್ಕಾರ. ಎರಡು ಮಾಡ್ತೀನಿ, ನಾಕು ಮಾಡ್ತೀನಿ."

ನಾನು ತಮಾಷೆ ಎಂದುಕೊಂಡೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವರ ಮನೆಯಲ್ಲಿ ತಟ್ಟೆಗೆ ಮೂರು ರೊಟ್ಟಿ ಬಡಿಸುವುದಿಲ್ಲವಂತೆ. ಹೆಣ್ಣು ನೋಡಲು ಮೂವರು ಹೊರಟರೆ ನಾಲ್ಕನೆಯವನೆಂದು ಜೇಬಿನಲ್ಲಿ ಒಂದು ಕಲ್ಲು ಇಟ್ಟುಕೊಳ್ಳುತ್ತಾರಂತೆ. ಇದೇನೂ ನನಗೆ ಹೊಸದಲ್ಲ, ನಮ್ಮಜ್ಜಿಯೂ ಹೀಗೇ ಕಲ್ಲು ಕೊಟ್ಟು ಕಳಿಸುತ್ತಿದ್ದಳು. ಆದರೆ ಅಜ್ಜಿ ಅದನ್ನು ವೆಲ್ಡಿಂಗಿಗೆ ತಂದಿರಲಿಲ್ಲ. ಇವನು ಕಿಟಕಿಯ ಗ್ರಿಲ್ಲಿಗೆ ಸರಳು ಮೂರು ಬಂದರೂ ಒಂದು ಸೇರಿಸುತ್ತಾನಂತೆ, ತನ್ನ ಖರ್ಚಿನಲ್ಲೇ. ಒಮ್ಮೆ ಮೂರು ಮೆಟ್ಟಿಲಿನ ಏಣಿ ಮಾಡಿಕೊಟ್ಟು ಕೊಂಡವನು ಬಿದ್ದನಂತೆ. ಏಣಿ ಇದ್ದಮೇಲೆ ಬೀಳುವವರು ಇದ್ದೇ ಇರುತ್ತಾರೆ ಎಂದು ನಾನು ವಾದಿಸಿದೆ. ರೋಡಿನ ಮ್ಯಾಲ ಹೋಗೂ ಸಾಮಾನು, ನನ್ನ ಕೈಲೆ ಆಗಂಗಿಲ್ಲ ಎಂದು ಅವನು ಕೈ ಮುಗಿದ. ನಾಲ್ಕು ಮಾಡಿ ಒಂದನ್ನು ಕತ್ತರಿಸಿ ಕೊಡು ಎಂದೆ. ಕತ್ತರಿಸುವುದಾದರೆ ನೀವೇ ಕತ್ತರಿಸಿಕೊಳ್ಳಿ, ತನ್ನ ಶೆಡ್ಡಿನಲ್ಲಿ ಬೇಡ ಎಂದ. ನನಗೆ ಪಿತ್ತ ನೆತ್ತಿಗೇರಿತ್ತು. ಭೋಸರಿಯಲ್ಲಿ ವೆಲ್ಡಿಂಗ್ ಶೆಡ್ಡಿಗೇನು ಬರ, ಏಳು ಹೋಗೋಣ ಎಂದು ಗಂಡನ ಕಡೆ ತಿರುಗಿದೆ.

"ನಾಲ್ಕೇ ಮಾಡಿ" ಎಂದ ಗಂಡ. ಬಹಳ ಮೆಲ್ಲಗೆ ಹೇಳಿದ. ಯಾರಾದರೂ ಬೇರೆಯವರ ಬಾಯಿಂದ ಆ ಸಂಖ್ಯೆ ಬರಲಿ ಎಂದು ಇಷ್ಟು ದಿನ ಕಾದುಕೊಂಡಿದ್ದವನ ಹಾಗೆ ಅವನ ಮುಖ ಹಗುರಾಗಿತ್ತು. ಆ ಮುಖ ನೋಡಿ ನಾನು ಮತ್ತೆ ಕುರ್ಚಿಯಲ್ಲಿ ಕುಳಿತೆ.

ಪ್ರತಿ ಸೈಕಲ್ಲಿನ ಉದ್ದಕ್ಕೆ ತಕ್ಕಂತೆ ಕೊಕ್ಕೆಯ ಎತ್ತರ ಬೇರೆ ಇರಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಕೆಳಗಿನ ಪಟ್ಟಿಯಲ್ಲಿ ಕೂರುವುದಿಲ್ಲ. ಹಾಗಾಗಿ ನಮ್ಮ ಮೂರು ಸೈಕಲ್ಲುಗಳ ಅಳತೆ ಕೊಟ್ಟು ಬಂದೆವು. ನಾಲ್ಕನೆಯದನ್ನು ಹೇಗಾದರೂ ಮಾಡು, ಅದು ಖಾಲಿ ಇರುವುದೇ ಎಂದು ನಾನೇ ಹೇಳಿದ್ದೆ.

ರ‍್ಯಾಕು ಬಿಗಿಸಿಕೊಳ್ಳಲು ಹೋದ ದಿನ ನೋಡಿದರೆ ಮೂರು ಕೊಕ್ಕೆ ನಾವು ಹೇಳಿದಲ್ಲಿದ್ದವು. ನಾಲ್ಕನೆಯದು, ಬಲಗಡೆಯ ತುದಿಯದು, ಎಲ್ಲಕ್ಕಿಂತ ಎತ್ತರದಲ್ಲಿತ್ತು. ಅಷ್ಟು ಮೇಲೆ ಯಾಕೆ ಎಂದು ಕೇಳಿದೆ. ಉದ್ದನ್ನ ಸೈಕಲ್ಲಿಗೆ ಎಂದು ನೀವೇ ಫೋನಿನಲ್ಲಿ ಅಳತೆ ಹೇಳಿದಿರಲ್ಲ ಎಂದು ಅವನು ಗಂಡನನ್ನು ನೋಡಿದ. ಗಂಡ ತಾನು ಫೋನೇ ಮಾಡಿಲ್ಲ ಎಂದ. ಅವನು ಒಂದು ಕ್ಷಣ ಗಂಡನ ಮುಖವನ್ನೇ ನೋಡುತ್ತ ನಿಂತ.

"ಖರೇ ಅದ ರೀ, ದನಿ ಇದಲ್ಲ. ಆದ್ರ ಇದರ್ಹಂಗ ಇತ್ತು."

ಆಮೇಲೆ ದಿನಕ್ಕೆ ನೂರು ಫೋನ್ ಬರುತ್ತವೆ, ಯಾರದೋ ಯಾರಿಗೋ ಹೊಂದಿಸಿರಬೇಕು ಎಂದು ನಕ್ಕು ಬೋಲ್ಟು ಬಿಗಿಯಲು ಕುಳಿತ. ನಾನೂ ನಕ್ಕೆ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಗಂಡನನ್ನು ಕೇಳುತ್ತಲೇ ಇದ್ದೆ, ನಿಜ ಹೇಳು, ನೀನೇ ತಾನೆ ಮಾಡಿದ್ದು ಎಂದು. ಅವನು ಮಗಳ ಆಣೆ ಹಾಕಿದ. ಅವನು ಸುಮ್ಮಸುಮ್ಮನೆ ಆಣೆ ಹಾಕುವವನಲ್ಲ. ಇವತ್ತಿಗೂ ನನಗೆ ಅದರ ಬುಡ ತಿಳಿದಿಲ್ಲ.

ಮನೆಗೆ ಬಂದು ಮೈದುನನ ಸೈಕಲ್ಲನ್ನು ಅದಕ್ಕೆ ಹಾಕಿ ನೋಡುವ ಧೈರ್ಯ ನನಗಿರಲಿಲ್ಲ. ಮೊದಲ ಸಲ ಮೂರೇ ಸೈಕಲ್ಲು ನೇತುಹಾಕಿಕೊಂಡು ಹೊರಟೆವು. ಕಾತ್ರಜ್ ದಾಟುವಷ್ಟರಲ್ಲಿ ಹಿಂದಿನಿಂದ ಕಿರಕಿರ ಎಂದು ಸದ್ದು. ಒಂದು ಕಡೆಗೇ ಭಾರ ಬಿದ್ದು ರ‍್ಯಾಕು ಪ್ರತಿ ತಿರುವಿನಲ್ಲೂ ಎಡಕ್ಕೆ ಎಳೆಯುತ್ತಿತ್ತು. ಖಾಲಿ ಕೊಕ್ಕೆಗೆ ನೀರಿನ ಕ್ಯಾನು ಕಟ್ಟಿದೆವು, ಅದು ಕುಣಿದು ಕುಣಿದು ಹಗ್ಗ ಕಿತ್ತುಕೊಂಡು ಬಿತ್ತು. ಮುಂದಿನ ವಾರ ಗಂಡ ಏನೂ ಹೇಳದೆ ನಾಲ್ಕನೆಯ ಸೈಕಲ್ಲನ್ನು ತಂದು ನೇತುಹಾಕಿದ. ಮುಂದಿನ ಚಕ್ರ ಕೊಕ್ಕೆಯಲ್ಲಿ, ಹಿಂದಿನದು ಪಟ್ಟಿಯಲ್ಲಿ, ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಕುಳಿತಿತು. ತೂಕಕ್ಕೆ ಎಂದ. ತೂಕದ ವಿಷಯದಲ್ಲಿ ಅವನು ಹೇಳಿದ್ದು ಸರಿಯೇ ಇತ್ತು, ಅದೇ ನನ್ನ ಹೊಟ್ಟೆ ಉರಿಸಿದ್ದು. ವ್ಯಾನು ಬೆಣ್ಣೆಯ ಹಾಗೆ ಓಡಿತು.

ಅಲ್ಲಿಂದ ಶುರುವಾಯಿತು. ವ್ಯಾನಿನ ಹಿಂದೆ ನಾಲ್ಕು ಸೈಕಲ್ಲು ನೇತಾಡುತ್ತಿದ್ದರೆ ನೋಡಿದವರು ಒಳಗೆ ನಾಲ್ಕು ಜನ ಇದ್ದಾರೆ ಎಂದುಕೊಳ್ಳುವುದು ಸಹಜ. ಭೋರ್ ಕಡೆಯ ಒಂದು ತೋಟದಲ್ಲಿ ವ್ಯಾನ್ ನಿಲ್ಲಿಸಲು ಜಾಗ ಕೊಡುವ ಹೆಂಗಸು ನಾಲ್ಕು ಜನಕ್ಕೆ ಭಾಕರಿ ತಟ್ಟಿದ್ದಳು. ಚೌಥೆ ಕುಠೆ, ನಾಲ್ಕನೆಯವರು ಎಲ್ಲಿ ಎಂದು ಕೇಳಿದಳು. ನಾವು ಮೂವರೇ ಎಂದು ನಾನು ಮರಾಠಿಯಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿದ, ಹಿಂದೆ ಬರ್ತಿದ್ದಾನೆ ಎಂದು. ಎಷ್ಟು ಸಲೀಸಾಗಿ ಹೇಳಿದ ಎಂದರೆ ನಾನೇ ಒಂದು ಸಲ ಹಿಂದಿನ ರಸ್ತೆಯ ಕಡೆ ನೋಡಿದೆ.

ಆಮೇಲೆ ಇದು ಅಭ್ಯಾಸವೇ ಆಗಿಹೋಯಿತು. ಟೀ ಅಂಗಡಿಯವರು, ಟೋಲಿನವರು, ಪಂಚರ್ ಅಂಗಡಿಯವರು, ಯಾರು ಕೇಳಿದರೂ ಹಿಂದೆ ಬರ್ತಿದ್ದಾನೆ. ಸೈಕಲ್ಲು ಇಲ್ಲೇ ನೇತಾಡುತ್ತಿರುವಾಗ ಅವನು ಹಿಂದೆ ಹೇಗೆ ಬರುತ್ತಾನೆ ಎಂದು ಯಾರೂ ಕೇಳಲಿಲ್ಲ. ಜನ ನಮ್ಮ ಮಾತನ್ನು ಅಷ್ಟು ಸುಲಭವಾಗಿ ನಂಬುತ್ತಿದ್ದದ್ದೇ ನನಗೆ ಭಯ ಹುಟ್ಟಿಸುತ್ತಿತ್ತು. ಗಂಡ ಬೈಯಿಸಿಕೊಂಡಾಗಲೆಲ್ಲ, ಕೇಳಿದವರಿಗೆಲ್ಲ ಕತೆ ಹೇಳೋಕಾಗುತ್ತೇನೆ, ಅದಕ್ಕೆ ಹಾಗಂದೆ ಎನ್ನುತ್ತಿದ್ದ. ಆದರೆ ಹಾಗೆ ಹೇಳುವಾಗ ಅವನ ಮುಖದಲ್ಲಿ ಸಂತೋಷ ಇರುತ್ತಿತ್ತು, ನನಗೆ ಕಾಣುವುದಿಲ್ಲವೇ. ವ್ಯಾನು ಓಡಿಸುವಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಕಾಣುತ್ತದೆ, ಗಾಜಿನಾಚೆ ಗಾಳಿಗೆ ನಿಧಾನವಾಗಿ ತಿರುಗುವ ಚಕ್ರಗಳು. ಅವನು ರಸ್ತೆಗಿಂತ ಹೆಚ್ಚು ಆ ಕನ್ನಡಿ ನೋಡುತ್ತಿದ್ದ.

ಒಂದು ದಿನ ವಾಯಿಯ ದಾರಿಯಲ್ಲಿ ವಡಾಪಾವ್ ಗಾಡಿಯವನು ನಾಲ್ಕೋ ಎಂದು ಕೇಳಿದ. ಈ ಸಲ ಉತ್ತರ ಕೊಟ್ಟಿದ್ದು ಮಗಳು. "ಹೋ ಕಾಕಾ, ಚಾರ್" ಎಂದಳು. ಹೌದು, ನಾಲ್ಕು. ನಾಲ್ಕನೆಯದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ತಂದು ಮಡಿಲಲ್ಲಿಟ್ಟುಕೊಂಡಳು. ಚಿಕ್ಕಪ್ಪನಿಗೆ ಹಸಿಮೆಣಸಿನಕಾಯಿ ಜಾಸ್ತಿ ಹಾಕಿಸಿದೀನಿ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ತಲೆ ಆಡಿಸಿದ. ನಾನು ಅವಳ ಮಡಿಲಿಂದ ಅದನ್ನು ಕಿತ್ತುಕೊಂಡು ಕಿಟಕಿಯಿಂದ ಎಸೆದೆ. ಮಗಳು ಅಳಲಿಲ್ಲ. ಪಾಪ ಅವನಿಗೆ ಹಸಿವಾಗಿರುತ್ತೆ ಎನ್ನುವ ಹಾಗೆ ಹಿಂದಕ್ಕೆ ನೋಡಿದಳು.

ಆ ವಾರವೇ ಇನ್ನೊಂದು ಗಮನಕ್ಕೆ ಬಂತು. ಮಧ್ಯಾಹ್ನ ರಜೆ ಹಾಕಿದ್ದೆ. ವ್ಯಾನಿನಿಂದ ಇಳಿಸಿಟ್ಟಿದ್ದ ಸೈಕಲ್ಲುಗಳಿಗೆ ಗಾಳಿ ಹಾಕೋಣವೆಂದು ಪಂಪು ಹಿಡಿದು ನೆಲಮಾಳಿಗೆಗೆ ಇಳಿದೆ. ಸೈಕಲ್ಲಿನ ಟ್ಯೂಬು ಸುಮ್ಮನೆ ನಿಂತರೂ ಕೆಲವೇ ವಾರಗಳಲ್ಲಿ ಗಾಳಿ ಬಿಡುತ್ತದೆ. ನನ್ನದು ಮೆತ್ತಗಾಗಿತ್ತು, ಗಂಡನದು ಮೆತ್ತಗಾಗಿತ್ತು, ಮಗಳದು ನೆಲಕ್ಕೆ ಅಂಟಿತ್ತು. ಮೈದುನನದನ್ನು ಹೆಬ್ಬೆರಳಿನಿಂದ ಒತ್ತಿದೆ. ಕಲ್ಲಿನ ಹಾಗೆ ಗಟ್ಟಿ. ಅವನು ಹಾಗೇ ಇಡುತ್ತಿದ್ದ, ಮೆತ್ತಗಿದ್ದರೆ ಸೈಕಲ್ಲು ಆಕಳಿಸುತ್ತೆ ಅತ್ತಿಗೆ ಎನ್ನುತ್ತಿದ್ದ. ಕೆಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಮೇಲೆ ಯಾರದೋ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಅಷ್ಟು ಮಾಮೂಲು ಹೊತ್ತಿನಲ್ಲಿ ನನ್ನ ಬೆನ್ನ ಹಿಂದೆ ಯಾರೋ ಪಂಪಿಗಾಗಿ ಕಾಯುತ್ತ ನಿಂತಿದ್ದಾರೆ ಎನ್ನಿಸಿತು. ತಿರುಗಿ ನೋಡದೆ ಪಂಪನ್ನು ಅಲ್ಲೇ ಇಟ್ಟು ಮೇಲೆ ಬಂದೆ.

ಸಂಜೆ ಗಂಡನನ್ನು ಕೇಳಿದೆ. ತಾನು ಮುಟ್ಟಿಲ್ಲ, ನೀನೇ ಹಾಕುತ್ತಿದ್ದೀಯ ಎಂದುಕೊಂಡಿದ್ದೆ ಎಂದ. ಮಗಳನ್ನು ಕೇಳಿದೆ. ಅಪ್ಪ ಹಾಕ್ತಾರೆ ಅಂದ್ಕೊಂಡಿದ್ದೆ ಎಂದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಅವರಿಬ್ಬರ ಕಣ್ಣಲ್ಲೂ ಒಂದೇ ತರಹದ ಬೆಳಕು ಬಂತು. ನನಗೆ ಗಾಳಿ ತುಂಬಿದ ಟೈರಿಗಿಂತ ಹೆಚ್ಚು ಹೆದರಿಕೆಯಾದದ್ದು ಆ ಬೆಳಕು ನೋಡಿ.

ಮಗಳು ಪಾಠಕ್ಕೆ ಹೋದ ಮೇಲೆ ನಾನು ಗಂಡನ ಎದುರು ಕೂತು ಎಲ್ಲ ಹೇಳಿದೆ. ಬೈದೆ, ಅತ್ತುಬಿಟ್ಟೆ, ಮತ್ತೆ ಬೈದೆ. "ನಾವು ಮೂರು ಜನ ಕಣೋ. ನೀನು ಒಪ್ಪಿಕೊಳ್ಳದೆ ಇದ್ರೆ ಅವಳನ್ನ ಕರ್ಕೊಂಡು ಮೈಸೂರಿಗೆ, ನಮ್ಮಮ್ಮನ ಮನೆಗೆ ಹೋಗ್ತೀನಿ" ಎಂದೆ. ಸುಮ್ಮನೆ ಹೆದರಿಸಲು ಹೇಳಿದ್ದಲ್ಲ, ಹೋಗಿಯೇ ಹೋಗುತ್ತಿದ್ದೆ. ಕೊನೆಗೆ ಅವನು, ಭಾನುವಾರ ಘಾಟಿಗೆ ಹೋಗೋಣ, ಸೈಕಲ್ಲನ್ನ ಅಲ್ಲೇ ಬಿಟ್ಟು ಬರೋಣ ಎಂದ. ಅವನಿಗೆ ಅಷ್ಟು ಸುಲಭಕ್ಕೆ ಬಾಯಿಗೆ ಬಂದ ಮಾತಲ್ಲ ಅದು. ನನಗೆ ಅಯ್ಯೋ ಎನ್ನಿಸಿದರೂ ಗೆದ್ದೆ ಎನ್ನಿಸಿತು.

ಭಾನುವಾರ ಬೆಳಿಗ್ಗೆ ಕೊಂಢವಾದ ಅರ್ಧ ಕಟ್ಟಿದ ಕಟ್ಟಡಗಳನ್ನು ದಾಟಿ ಘಾಟ್ ಹತ್ತುವಾಗ ಮಂಜು ಇಳಿದಿತ್ತು. ಮಳೆ ಇಲ್ಲ, ಆದರೂ ಗಾಜು ಒದ್ದೆ. ಸೈಕಲ್ ಹೊಡೆಯುವವರು ಯಾರೂ ಇರಲಿಲ್ಲ. ಆ ಮೋಟುಗೋಡೆಯ ಹತ್ತಿರ ಗಂಡ ವ್ಯಾನ್ ನಿಲ್ಲಿಸಿದ. ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿ, ಅವತ್ತು ಪೊಲೀಸರು ತೋರಿಸಿದ ಜಾಗದಲ್ಲೇ ಗೋಡೆಗೆ ಒರಗಿಸಿದ. ಸೀಟಿನ ಮೇಲೆ ಕೈ ಇಟ್ಟುಕೊಂಡು ನಿಂತ. ಮಗಳು ಒಂದು ಸಲ ಬೆಲ್ಲು ಬಾರಿಸಿ, ಅಪ್ಪನ ಮುಖ ನೋಡಿ, ಬಂದು ವ್ಯಾನಿನಲ್ಲಿ ಕುಳಿತಳು.

"ಆಯ್ತು. ನಾವು ಮೂರು ಜನ" ಎಂದ ಅವನು, ನನಗಲ್ಲ, ಕಣಿವೆಗೆ. ಆಮೇಲೆ ಬಂದು ಸ್ಟೀರಿಂಗ್ ಹಿಡಿದ. ಅವನ ಕೆನ್ನೆ ಒದ್ದೆಯಾಗಿತ್ತು, ಆದರೆ ಕಣ್ಣು ಇಷ್ಟು ದಿನಗಳಲ್ಲಿ ಮೊದಲ ಸಲ ನೇರವಾಗಿ ಮುಂದಿನ ರಸ್ತೆಯನ್ನು ನೋಡುತ್ತಿತ್ತು. ಕನ್ನಡಿಯನ್ನು ಅವನು ನೋಡಲೇ ಇಲ್ಲ. ನೋಡಿದ್ದು ನಾನು.

ಎರಡು ತಿರುವು ದಾಟಿರಬೇಕು. ನಿಲ್ಲಿಸು ಎಂದೆ. ಏನೋ ಮರೆತೆ ಎಂದು ಸುಳ್ಳು ಹೇಳಿ ಇಳಿದೆ. ಒಂದು ಸಾಮಾನನ್ನು ಅಷ್ಟು ಒಂಟಿಯಾಗಿ ಬಿಟ್ಟು ಬಂದದ್ದು ಸರಿ ಎನ್ನಿಸಲಿಲ್ಲ, ಅಷ್ಟೇ. ಮಂಜಿನಲ್ಲಿ ನಡೆದು ಬಂದೆ. ನನ್ನನ್ನು ದಾಟಿ ಯಾವ ಗಾಡಿಯೂ ಹೋಗಲಿಲ್ಲ, ಎದುರಿಂದಲೂ ಬರಲಿಲ್ಲ. ಗೋಡೆ ಹಾಗೇ ಇತ್ತು. ಸೈಕಲ್ಲು ಇರಲಿಲ್ಲ.

ಮೊದಲು ನನಗಾದದ್ದು ಭಯವಲ್ಲ ಎಂದರೆ ಯಾರೂ ನಂಬುವುದಿಲ್ಲ. ಎದೆ ತುಂಬಿ ಬಂತು. ಬಂದನಲ್ಲ ಎನ್ನಿಸಿತು. ಬಾಗಿಲಲ್ಲಿ ಅವನ ಕೀ ತಿರುಗಿದಾಗ ಅನ್ನ ಬಿಸಿ ಮಾಡಲು ಏಳುತ್ತಿದ್ದೆನಲ್ಲ, ಅದೇ ತರಹ ಮೈಯೆಲ್ಲ ಗಡಿಬಿಡಿಯಾಯಿತು. ನಾನು ಗೋಡೆಯ ಹತ್ತಿರ ಓಡಿ, ಕೆಳಗೆ ಇಣುಕಿ, ರಸ್ತೆಯ ಎರಡೂ ಕಡೆ ನೋಡಿ, ಎಲ್ಲಿದ್ದೀಯೋ ಎಂದು ಕೂಗಿದೆ. ದನಿ ಮಂಜಿನೊಳಗೆ ಹೋಗಿ ಅಲ್ಲೇ ಉಳಿಯಿತು. ನಾನು ಮತ್ತೆ ಕೂಗಿದೆ. ಅವನು ಕಾಣೆಯಾದ ಮೇಲೆ ನಾನು ಒಂದು ಸಲವೂ ಅವನನ್ನು ಕೂಗಿ ಕರೆದಿರಲಿಲ್ಲ ಎನ್ನುವುದು ಆಗ ಗೊತ್ತಾಯಿತು.

ನನ್ನ ಕೂಗು ಕೇಳಿ ಗಂಡ ವ್ಯಾನನ್ನು ಹಿಂದಕ್ಕೆ ತಂದ. ಇಳಿದು ಬಂದು ಖಾಲಿ ಗೋಡೆಯನ್ನು ನೋಡಿದ. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು, ಯಾರೋ ತಗೊಂಡು ಹೋದ್ರು ಕಣೇ, ಅಷ್ಟು ಒಳ್ಳೆ ಸೈಕಲ್ಲು ಯಾರು ಬಿಡ್ತಾರೆ, ಇಳಿಜಾರು ಬೇರೆ, ಬಾ ಹೋಗೋಣ ಎಂದ. ಸಮಾಧಾನದ ದನಿ, ಅವನದೇ ಹಳೆಯ ದನಿ. ಇದನ್ನು ಕೇಳಬೇಕೆಂದು ನಾನು ಎಷ್ಟು ದಿನ ಹಂಬಲಿಸಿದ್ದೆ.

"ಸ್ವಲ್ಪ ಇರು" ಎಂದೆ. "ಬರ್ತಾನೆ."

ಮಗಳು ವ್ಯಾನಿನ ಕಿಟಕಿಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ದಿನ ನಾನು ಅವಳ ಅಪ್ಪನ ಮುಖವನ್ನು ನೋಡುತ್ತಿದ್ದೆನಲ್ಲ, ಹಾಗೆ.